ಮೊದಲ ಹಿಡಿ ಕೋಳಿಗೆ

ಒಂದು ಆಕ್ಸಿಜನ್ ಮಷೀನಿಗೆ ತೊಂಬತ್ತು ಸಾವಿರ. ಅದರ ಹೊಟ್ಟೆಯೊಳಗಿನ ಜರಡಿ ಡಬ್ಬಿಗೆ ಹನ್ನೊಂದು ಸಾವಿರ. ಧೂಳಿನ ಊರಾದರೆ ವರ್ಷಕ್ಕೊಂದು ಬೇಕು, ಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಎಂಟು ತಿಂಗಳಿಗೇ ಒಂದು. ಮೂಗಿಗೆ ಹಾಕುವ ನಳಿಕೆಗೆ ನೂರಾ ನಲವತ್ತು. ಕರೆಂಟಿಗೆ ತಿಂಗಳಿಗೆ ಏಳುನೂರರ ಹತ್ತಿರ. ಇಳಕಲ್ಲಿನ ಕಲ್ಲು ಕೆಲಸಗಾರರ ಸಂಘದವರಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಇದರ ಮೇಲೆ ಇನ್ನೊಂದು ಖರ್ಚು: ಮಷೀನು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ದೂರದಿಂದ ನೋಡಿ ಹೇಳುವುದಕ್ಕೆ ಮನೆಯೊಂದಕ್ಕೆ ತಿಂಗಳಿಗೆ ನಾನೂರು.

ಬರೀ ನೋಡುವುದಕ್ಕೂ ರೊಕ್ಕವೇ ಎಂದು ಮೊದಮೊದಲು ಎಲ್ಲರೂ ಮೂಗು ಮುರಿದಿದ್ದರು. ಕಸ್ತೂರೆವ್ವ ಮುರಿದಿರಲಿಲ್ಲ. ಇಪ್ಪತ್ತಾರು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ಆಕೆ. ಕಲ್ಲು ತಿರುಗುತ್ತಿದೆ ಎಂದ ಮಾತ್ರಕ್ಕೆ ಕೆಳಗೆ ಒಳ್ಳೆ ಹಿಟ್ಟು ಬೀಳುತ್ತಿದೆ ಎಂದು ಅರ್ಥವಲ್ಲ ಎನ್ನುವುದು ಆಕೆಗೆ ಗೊತ್ತಿತ್ತು.

ಆಕ್ಸಿಜನ್ ಮಷೀನಿನ ಕೆಲಸವೂ ಒಂದು ರೀತಿಯಲ್ಲಿ ಸೋಸುವುದೇ. ಅದು ಮನೆಯ ಗಾಳಿಯನ್ನು ಎಳೆದು ಜರಡಿ ಡಬ್ಬಿಯೊಳಗೆ ಒತ್ತುತ್ತದೆ. ಡಬ್ಬಿಯಲ್ಲಿ ಸಾಬೂದಾನಿಯಂಥ ಸಣ್ಣ ಬಿಳಿ ಕಾಳುಗಳು. ಅವು ಗಾಳಿಯಲ್ಲಿನ ನೈಟ್ರೋಜನ್ನನ್ನು ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಮುಂದಕ್ಕೆ ಬಿಡುತ್ತವೆ. ನೂರರಲ್ಲಿ ತೊಂಬತ್ತಮೂರು ಪಾಲು ಆಕ್ಸಿಜನ್ ಬಂದರೆ ಡಬ್ಬಿ ಚೆನ್ನಾಗಿದೆ ಎಂದರ್ಥ. ಕಾಳಿಗೆ ತೇವ ಹಿಡಿದರೆ ಎಂಬತ್ತಕ್ಕೆ, ಎಪ್ಪತ್ತಕ್ಕೆ ಇಳಿಯುತ್ತದೆ. ಆಗಲೂ ಮಷೀನು ಅದೇ ಗುಂಯ್ ಎನ್ನುವ ಸದ್ದು ಮಾಡುತ್ತದೆ, ನಳಿಕೆಯಲ್ಲಿ ಅದೇ ತಣ್ಣನೆ ಗಾಳಿ ಬರುತ್ತದೆ. ಕಲ್ಲಿನ ಧೂಳು ಕುಡಿದು ಎದೆ ಗಟ್ಟಿಯಾದ ಮನುಷ್ಯ ಮಾತ್ರ ಒಳಗೊಳಗೇ ಬತ್ತುತ್ತಾ ಹೋಗುತ್ತಾನೆ.

ಮಷೀನಿನ ಮೇಲೆ ಅಂಕಿ ತೋರಿಸುವ ಕಿಟಕಿ ಇರಲಿಲ್ಲ. ಆ ಕಾಲದಲ್ಲಿ ಯಾವ ಯಂತ್ರದ ಮೇಲೂ ಇರುತ್ತಿರಲಿಲ್ಲ. ನೀರಿನ ಪಂಪಾಗಲಿ, ಫ್ರಿಜ್ಜಾಗಲಿ, ಎಲ್ಲದರ ಕಣ್ಣೂ ಮಾಡಿದ ಕಂಪನಿಯ ಹತ್ತಿರವೇ. ಅಂಕಿಗಳು ಅಲ್ಲಿಗೆ ಹೋಗಿ, ಅಲ್ಲಿಂದ ಬಣ್ಣಬಣ್ಣದ ಚುಕ್ಕೆಗಳಾಗಿ ತಿರುಗಿ ಬರುತ್ತಿದ್ದವು. ಪ್ರೋಗ್ರಾಮುಗಳೂ ಹಾಗೆಯೇ, ಪಾಕೀಟು ಹಿಟ್ಟಿನಂತೆ ಸಿದ್ಧವಾಗಿ ಬರುತ್ತಿದ್ದವು; ಬರೆಯುವುದೂ ಯಂತ್ರವೇ, ಮೇಲೆ ಮುದ್ರೆ ಒತ್ತುವುದೂ ಯಂತ್ರವೇ. ಮನುಷ್ಯರು ಬರೆದದ್ದನ್ನು ಮನುಷ್ಯರೇ ಕೂತು ಕಟ್ಟಿ ಓಡಿಸುವ ರೂಢಿ ನಿಂತು ಮೂವತ್ತು ವರ್ಷವಾಗಿತ್ತು. ಕಂಪ್ಯೂಟರಿನ ಮುಂದೆ ಬಾಯಿ ತೆರೆದು ಕೇಳಿದರೆ ಕೆಲಸ ಆಗುತ್ತಿದ್ದುದರಿಂದ ಕೀಬೋರ್ಡು ಎನ್ನುವುದು ಗುಜರಿಯವರ ಮಾಲಾಗಿತ್ತು.

ಸಂಘದ ಕಟ್ಟಡದ ಮೇಲಿನ ಕೋಣೆಯೇ ಕಂಟ್ರೋಲ್ ರೂಮು. ಅಲ್ಲಿ ಇನ್ನೂರಾ ಹದಿನಾಲ್ಕು ಚುಕ್ಕೆಗಳ ಒಂದು ಪರದೆ, ಅದರ ಮುಂದೆ ಫರ್ಜಾನಾ. ಇಪ್ಪತ್ತೊಂಬತ್ತರ ಹೆಣ್ಣುಮಗಳು, ಅವಳ ಅಪ್ಪನೂ ಪಾಲಿಶಿಂಗ್ ಕೆಲಸದವನು, ಇಂಥ ಮಷೀನು ಬರುವ ಮೊದಲೇ ತೀರಿಹೋದವನು. ಚುಕ್ಕೆ ಹಳದಿಯಾದ ಕೂಡಲೇ ಅವಳು ಕಸ್ತೂರೆವ್ವನಿಗೆ ಹೇಳುವಳು, ಕಸ್ತೂರೆವ್ವ ಹೊಸ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತುವಳು. ಜರಡಿ ಬದಲಿಸುವುದು ಗಿರಣಿಯವಳಿಗೆ ಹೊಸದೇನಲ್ಲ ಎಂದು ಸಂಘದವರು ಆಕೆಗೆ ಈ ಕೆಲಸ ಕೊಟ್ಟಿದ್ದರು. ಇನ್ನೂರಾ ಹದಿನಾಲ್ಕರಲ್ಲಿ ನೂರಾ ಹದಿನೆಂಟನೆಯ ಚುಕ್ಕೆ ಆಕೆಯ ಗಂಡ ಯಮನೂರಪ್ಪನದು.

ಯಮನೂರಪ್ಪ ಮೂವತ್ತು ವರ್ಷ ಗ್ರಾನೈಟಿಗೆ ಹೊಳಪು ಕೊಟ್ಟವನು. ಅವನು ತಿಕ್ಕಿದ ಕಲ್ಲಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಈಗ ಹದಿನೈದು ಮೊಳದ ನಳಿಕೆಯೇ ಅವನ ಸೀಮೆ. ಅವನ ಎದೆ ಕೆಟ್ಟಿದೆ ಎಂದು ಡಾಕ್ಟರು ಹೇಳಿದ ವಾರವೇ ಕಸ್ತೂರೆವ್ವ ಮುಂದಿನ ಕೋಣೆಯಲ್ಲಿದ್ದ ಗಿರಣಿಯನ್ನು ಕಿತ್ತು ರಸ್ತೆಯಾಚೆ ಕೂರಿಸಿದಳು. ಹಿಟ್ಟಿನ ಧೂಳೂ ಧೂಳೇ. ಈಗ ಗಿರಣಿ ಮಗಳು ವನಜಾಳ ಕೈಯಲ್ಲಿ.

ಯಮನೂರಪ್ಪನಿಗೆ ಒಂದು ಹಟವಿತ್ತು. ದಿನಾ ಬೆಳಿಗ್ಗೆ ನಳಿಕೆ ತೆಗೆದಿಟ್ಟು, ಮಂಚದಿಂದ ಬಾಗಿಲ ಕಟ್ಟೆಯವರೆಗೆ ಹನ್ನೊಂದು ಹೆಜ್ಜೆ ನಡೆದುಹೋಗಿ, ಹತ್ತು ನಿಮಿಷ ಕೂತು ಗಿರಣಿಯ ಕಡೆ ನೋಡುವನು. ಮಗಳು ನೇಮ ತಪ್ಪುತ್ತಾಳೋ ಏನೋ ಎನ್ನುವುದು ನೆಪ. ಕಸ್ತೂರೆವ್ವ ಹಾಕಿಕೊಟ್ಟ ನೇಮ ಅದು: ಮೆಣಸಿನಕಾಯಿ ಬೀಸಿದ ಕಲ್ಲಿಗೆ ಜೋಳ ಹಾಕುವ ಮುಂಚೆ ಒಂದಿಷ್ಟು ನುಚ್ಚು ಸುರಿದು ತಿರುಗಿಸಬೇಕು, ಬಂದ ಮೊದಲ ಹಿಡಿಯನ್ನು ಕೋಳಿಗೆ ಹಾಕಬೇಕು. ಕೋಳಿಗೆ ಖಾರ ಹತ್ತುವುದಿಲ್ಲ. ಹಾಗೆ ಮಾಡದಿದ್ದರೆ ಮುಂದಿನ ಗಿರಾಕಿಯ ಕೂಸು ರೊಟ್ಟಿ ಬಾಯಿಗಿಟ್ಟು ಅಳುತ್ತದೆ.

“ಇವತ್ತೂ ಹೋಗಿ ಬಂದ್ನಿ ನೋಡು,” ಎನ್ನುವನು ತಿರುಗಿ ಬಂದು, ಏದುಸಿರಿನಲ್ಲಿಯೇ. “ಹೆಸರಿನಾಗ ಯಮನ್ನ ಇಟ್ಕೊಂಡ ಮನಷ್ಯಾ ನಾ. ಅವ ನನ್ನ ಹತ್ರ ಬರೂದಿಲ್ಲ.”

“ಹೌದ್ರಿ, ದೊಡ್ಡ ನೆಂಟಸ್ತನ,” ಎಂದು ಕಸ್ತೂರೆವ್ವ ನಳಿಕೆ ಹಾಕುವಳು.

ಕಂಪನಿಯ ಪತ್ರ ಬಂದದ್ದು ಆ ವರ್ಷದ ಶ್ರಾವಣದಲ್ಲಿ. ಈ ಮಾದರಿಯ ಮಷೀನು ಹಳತಾಯಿತು, ತಿಂಗಳ ಕೊನೆಗೆ ಇದನ್ನು ನೋಡುವ ಸೇವೆ ನಿಲ್ಲುತ್ತದೆ, ಹೊಸ ಮಾದರಿ ಕೊಂಡವರಿಗೆ ಮೊದಲಿನಂತೆಯೇ ಚುಕ್ಕೆ ಕಾಣಿಸುತ್ತದೆ ಎಂದಿತ್ತು. ಮಷೀನುಗಳೇನೂ ಕೆಟ್ಟಿರಲಿಲ್ಲ. ಆದರೆ ಎಲ್ಲವನ್ನೂ ಬದಲಿಸಬೇಕೆಂದರೆ ಎರಡು ಕೋಟಿಗೆ ಏಳು ಲಕ್ಷ ಕಡಿಮೆ.

ಸಂಘದ ಸಭೆಯಲ್ಲಿ ಬೈಗುಳವೋ ಬೈಗುಳ. ಅದು ಮುಗಿದ ಮೇಲೆ ಕಸ್ತೂರೆವ್ವ ತನ್ನ ಲೆಕ್ಕ ಹೇಳಿದಳು. ಆಕ್ಸಿಜನ್ ಅಳೆಯುವ ಕೈಮೀಟರು ಸಂಘದಲ್ಲಿ ಇರುವುದು ಒಂದೇ. ಅದನ್ನು ಹಿಡಿದು ಮನೆಮನೆ ತಿರುಗಿದರೆ ದಿನಕ್ಕೆ ಹದಿನೆಂಟು ಮನೆ, ಊರು ಒಂದು ಸುತ್ತು ಬರಲು ಹನ್ನೆರಡು ದಿನ. ಡಬ್ಬಿ ಕೆಡಲು ಶುರುವಾದರೆ ನಾಲ್ಕು ದಿನದಲ್ಲಿ ಮುಗಿಯಿತು. ಹನ್ನೆರಡರಲ್ಲಿ ನಾಲ್ಕು ಕಳೆದರೆ ಎಂಟು ದಿನ ಕುರುಡು. ಆ ಎಂಟು ದಿನದಲ್ಲಿ ಯಾರ ಪಾಳಿ ಬರುತ್ತದೋ ಯಾರು ಬಲ್ಲರು ಎಂದು ಹೇಳಿ ಕೂತಳು.

ಆಗ ಯಾರಿಗೋ ಗದಿಗೆಪ್ಪನ ತಗಡಿನ ಡಬ್ಬಿ ನೆನಪಾಯಿತು. ಗದಿಗೆಪ್ಪ ಸಂಘದ ಹಿಂದಿನ ಕಾರ್ಯದರ್ಶಿ, ಈಗಿಲ್ಲ. ಮಷೀನು ಕೊಳ್ಳುವಾಗ ಅವನು ಕಂಪನಿಯವರ ಎದುರು ಒಂದು ಷರತ್ತು ಹಾಕಿದ್ದ: ನಮಗೆ ಅಡಿಗೆ ಒಂದೇ ಕೊಟ್ಟರೆ ಸಾಲದು, ಅಡಿಗೆ ಮಾಡುವ ರೀತಿಯನ್ನೂ ಬರೆದು ಕೊಡಿ. ಅವರು ನಗುತ್ತಲೇ ಒಂದು ಚಿಕ್ಕ ಡ್ರೈವ್, ಮೂವತ್ತೊಂದು ಪುಟದ ಒಂದು ಕೈಪಿಡಿ ಕೊಟ್ಟು ಹೋಗಿದ್ದರು. ಅದರೊಳಗೆ ‘ನಿಗಾ’ ಎಂಬ ಪುಟ್ಟ ಪ್ರೋಗ್ರಾಮಿನ ಮೂಲ ಬರಹವಿತ್ತು. ಚುಕ್ಕೆಯಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ‘ನಿಗಾ’ ಎಂದು ಟೈಪ್ ಮಾಡಿ ಮನೆಯ ನಂಬರು ಕೊಟ್ಟರೆ, ಅದು ಆ ಮನೆಯ ಮಷೀನನ್ನು ನೇರವಾಗಿ ಮಾತಾಡಿಸಿ ಒಂದು ಸಾಲಿನಲ್ಲಿ ಅಂಕಿ ತಂದುಕೊಡುತ್ತದೆ. ನಡುವೆ ಯಾವ ಕಂಪನಿಯೂ ಬೇಕಿಲ್ಲ. ಆದರೆ ಅದನ್ನು ಬರಹದಿಂದ ಪ್ರೋಗ್ರಾಮಾಗಿ ನಾವೇ ಮಾಡಿಕೊಳ್ಳಬೇಕು.

ಫರ್ಜಾನಾ ಕಂಟ್ರೋಲ್ ರೂಮಿನ ಕಂಪ್ಯೂಟರನ್ನು ಕೇಳಿದಳು. ಅದು ಬಹಳ ಮರ್ಯಾದೆಯಿಂದ, ಮುದ್ರೆಯಿಲ್ಲದ ಪ್ರೋಗ್ರಾಮನ್ನು ತಾನು ಮುಟ್ಟುವುದಿಲ್ಲ ಎಂದಿತು. ಮೂರು ಬಗೆಯಾಗಿ ಕೇಳಿದರೂ ಅದೇ ಮರ್ಯಾದೆ, ಅದೇ ಉತ್ತರ. ಕೊನೆಗೆ ನೆರವಿಗೆ ಬಂದದ್ದು ಕಲ್ಲಿನ ಲಾರಿ ತೂಗುವ ವೇ ಬ್ರಿಜ್ಜಿನ ಕಂಪ್ಯೂಟರು. ತೂಕದ ಚೀಟಿ ಬರೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲದ್ದರಿಂದ ಅದನ್ನು ಯಾರೂ ಬದಲಿಸಿರಲಿಲ್ಲ. ಅದಕ್ಕೆ ಕೀಬೋರ್ಡು ಇತ್ತು. ಅದರ ಗಡಿಯಾರದ ಸೆಲ್ಲು ಸತ್ತು ಎಷ್ಟೋ ವರ್ಷವಾಗಿ, ಇಸವಿಯನ್ನು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸುತ್ತಿತ್ತು. ಚೀಟಿಯ ಮೇಲೆ ತಾರೀಖನ್ನು ಕೈಯಲ್ಲೇ ಬರೆಯುತ್ತಿದ್ದರು. ಇಬ್ಬರು ಹಮಾಲರು ಅದನ್ನು ಮೇಲಿನ ಕೋಣೆಗೆ ಹೊತ್ತು ತಂದರು.

“ಏನಿದು, ಏನ್ ಮಾಡಾಕಿ ಈಗ?” ಎಂದು ಕಸ್ತೂರೆವ್ವ ಕೇಳಿದಳು.

ಫರ್ಜಾನಾ ಕೈಪಿಡಿ ಓದಿ ತನಗೆ ತಿಳಿದಷ್ಟು ಹೇಳಿದಳು. ಮನುಷ್ಯರು ಓದಿದರೆ ತಿಳಿಯುವಂತೆ ಬರೆದ ಸಾಲುಗಳಿವು. ಕಂಪ್ಯೂಟರಿಗೆ ಇವು ದಕ್ಕುವುದಿಲ್ಲ. ಕಂಪೈಲರ್ ಎನ್ನುವ ಇನ್ನೊಂದು ಪ್ರೋಗ್ರಾಮು ಇವನ್ನು ಅರೆದು ಕಂಪ್ಯೂಟರ್ ನುಂಗುವ ಅಂಕಿಗಳಾಗಿ ಮಾಡುತ್ತದೆ. ಒಂದೊಂದು ಪುಟಕ್ಕೂ ಒಂದೊಂದು ತುಣುಕು ತಯಾರಾಗುತ್ತದೆ, ಕೊನೆಗೆ ಎಲ್ಲ ತುಣುಕು ಸೇರಿ ಒಂದು ಪ್ರೋಗ್ರಾಮು.

“ಬೀಸೂದು ಅನ್ನು,” ಎಂದಳು ಕಸ್ತೂರೆವ್ವ. “ಕಾಳು ಕಣ್ಣಿಗೆ ಕಾಣ್ತದ, ಹುಳ ಇದ್ರ ಆರಿಸಬಹುದು. ಹಿಟ್ಟಾದ ಮ್ಯಾಲೆ ಯಾವನಿಗೂ ಗೊತ್ತಾಗೂದಿಲ್ಲ. ಗದಿಗೆಪ್ಪಣ್ಣ ಕಾಳು ಇಸ್ಕೊಂಡಿದ್ದ. ಶಾಣ್ಯಾ.”

ಬೀಸುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ದಿನ ಫರ್ಜಾನಾ ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದರೆ ಪರದೆಯ ತುಂಬ ತಪ್ಪುಗಳ ಮಳೆ: ಇದು ಸಿಗಲಿಲ್ಲ, ಅದು ಗೊತ್ತಿಲ್ಲ, ಇದರ ಹೆಸರು ಕೇಳಿಲ್ಲ, ಒಟ್ಟು ನಾನೂರಾ ಹನ್ನೆರಡು. ಅವಳ ಕಣ್ಣಲ್ಲಿ ನೀರು ಬಂತು. ಕಸ್ತೂರೆವ್ವನಿಗೆ ಇಂಗ್ಲಿಷು ಬಾರದು, ತಪ್ಪುಗಳೇನೆಂದು ತಿಳಿಯಲಿಲ್ಲ, ಆದರೆ ಮಷೀನು ಗದ್ದಲ ಮಾಡುವ ರೀತಿ ತಿಳಿದಿತ್ತು. ಗಿರಣಿಯಲ್ಲಿ ಕಲ್ಲು ತಿರುಗಿಸುವ ಪಟ್ಟಿ ಒಂದು ಜಾರಿದರೆ ಕಲ್ಲು, ಜಂತಿ, ತಗಡು ಎಲ್ಲವೂ ಗಡಗಡ ಎನ್ನುತ್ತವೆ. ಎಲ್ಲದಕ್ಕೂ ರಿಪೇರಿ ಬೇಕಿಲ್ಲ. ಮೊದಲು ಕೂಗಿದ್ದು ಯಾವುದು, ಅದನ್ನಷ್ಟೇ ಓದು ಎಂದಳು. ಮೊದಲನೆಯದನ್ನು ಓದಿದರೆ ಒಂದು ಸಣ್ಣ ಪೂರಕ ಬರಹದ ಗಂಟು ಬೇಕೆಂದಿತ್ತು, ಅದು ಡ್ರೈವಿನ ಇನ್ನೊಂದು ಮೂಲೆಯಲ್ಲಿಯೇ ಇತ್ತು. ಅದನ್ನು ಕೊಟ್ಟ ಕೂಡಲೇ ನಾನೂರಾ ಹನ್ನೆರಡು ಹೋಗಿ ಒಂಬತ್ತು ಉಳಿದವು.

ಆ ಒಂಬತ್ತಕ್ಕೆ ದಿನಗಳು ಹಿಡಿದವು. ವೇ ಬ್ರಿಜ್ಜಿನ ಕಂಪ್ಯೂಟರು ಮುದುಕ ಎತ್ತು. ಒಂದು ಸಲ ಪೂರ್ತಿ ಬೀಸಲು ಅದಕ್ಕೆ ಐದು ತಾಸು ಬೇಕು, ತಪ್ಪು ಉಳಿದಿದ್ದರೆ ನಾಲ್ಕನೆಯ ತಾಸಿಗೆ ಬೇಡ ಎಂದು ಕೂತುಬಿಡುತ್ತಿತ್ತು. ಅಷ್ಟರಲ್ಲಿ ತಿಂಗಳು ಮುಗಿಯಿತು. ಒಂದನೆಯ ತಾರೀಖು ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಪರದೆಯ ಇನ್ನೂರಾ ಹದಿನಾಲ್ಕು ಚುಕ್ಕೆಗಳೂ ಒಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿದವು. ಕಸ್ತೂರೆವ್ವ ಕೈಮೀಟರು ಹಿಡಿದು ಮನೆಮನೆ ತಿರುಗಲು ಹೊರಟಳು.

ಮೂರನೆಯ ದಿನ ಮಧ್ಯಾಹ್ನ ಆಕೆ ಮೇಲಿನ ಕೋಣೆಗೆ ಬಂದಾಗ ಫರ್ಜಾನಾ ಒಂದು ಸುದ್ದಿ ಇಟ್ಟುಕೊಂಡು ಕಾಯುತ್ತಿದ್ದಳು. ಒಂಬತ್ತು ತಪ್ಪುಗಳೂ ಹೋಗಿವೆ, ಇನ್ನು ಐದು ತಾಸು ಬೀಸುವುದೊಂದೇ ಬಾಕಿ; ಅಷ್ಟರಲ್ಲಿ ಡ್ರೈವಿನಲ್ಲಿ ಒಂದು ಹಳೆ ಕಪಾಟು ಸಿಕ್ಕಿದೆ. ಆರು ವರ್ಷದ ಹಿಂದೆ ಕಂಪನಿಯವರು ಗದಿಗೆಪ್ಪನಿಗೆ ತೋರಿಸಲೆಂದು ಒಮ್ಮೆ ಬೀಸಿದ್ದರಂತೆ, ಆಗಿನ ತುಣುಕುಗಳು ಹಾಗೆಯೇ ಇವೆ. ಅವನ್ನು ಬಳಸಿದರೆ ಉಳಿದದ್ದಷ್ಟನ್ನೇ ಬೀಸಿದರಾಯಿತು, ಅರ್ಧ ತಾಸಿನ ಕೆಲಸ. ಆದರೆ ಕೈಪಿಡಿ ಮೊದಲು ಎಲ್ಲ ಅಳಿಸಿ ಸ್ವಚ್ಛ ಮಾಡಿಕೊಳ್ಳಿ ಎನ್ನುತ್ತದೆ. ಏನು ಮಾಡಲಿ?

ಆ ದಿನ ಹದಿನೆಂಟು ಮನೆಯ ಮೆಟ್ಟಿಲು ಹತ್ತಿ ಇಳಿದು ಕಸ್ತೂರೆವ್ವನ ಮೊಣಕಾಲು ಸೋತಿದ್ದವು. ನೋಡದೆ ಉಳಿದ ಮನೆಗಳು ಇನ್ನೂ ನೂರಾ ಅರವತ್ತು.

“ಒಮ್ಮೆ ಬೀಸಿದ್ದನ್ನ ಮತ್ಯಾಕ ಬೀಸ್ತಿ, ತಂಗಿ?” ಎಂದಳು. “ಸಾಲಿನಾಗ ಮಂದಿ ನಿಂತಾರ.”

ಸಂಜೆ ನಾಲ್ಕಕ್ಕೆ ‘ನಿಗಾ’ ಎದ್ದು ನಿಂತಿತು. ಕಪ್ಪು ಪರದೆಯ ಮೇಲೆ ಒಂದರ ಕೆಳಗೊಂದು ಸಾಲು: ಮನೆಯ ನಂಬರು, ಹೆಸರು, ಅಂಕಿ. ತೊಂಬತ್ತಮೂರು, ತೊಂಬತ್ತೆರಡು, ತೊಂಬತ್ತನಾಲ್ಕು. ಮೊದಲನೆಯ ಮನೆಯ ಮುಂದೆ ಮಾತ್ರ ಸೊನ್ನೆ; ಆ ಮನೆಯವನು ಹೋದ ತಿಂಗಳು ತೀರಿಕೊಂಡು ಮಷೀನು ಸಂಘಕ್ಕೆ ಮರಳಿದ್ದರಿಂದ ಅದು ಸರಿಯೇ ಎಂದುಕೊಂಡರು. ಫರ್ಜಾನಾಳ ತಾಯಿ ಶಾವಿಗೆ ಪಾಯಸ ಮಾಡಿ ಕಳಿಸಿದಳು. ಸಂಘದವರೆಲ್ಲ ಮೇಲೆ ಬಂದು ಸಾಲುಗಳನ್ನು ನೋಡಿ, ತಂತಮ್ಮ ಮನೆಯ ನಂಬರು ಹುಡುಕಿ, ಲಾಟರಿ ಹತ್ತಿದವರಂತೆ ನಗುತ್ತ ಇಳಿದುಹೋದರು. ಕಸ್ತೂರೆವ್ವ ಮನೆಗೆ ಬಂದು ಗಂಡನಿಗೆ ನಿಮ್ಮದು ತೊಂಬತ್ತಮೂರು ಎಂದಳು. ಶಾಲೆಯಲ್ಲಿ ತನಗೆ ಇಷ್ಟು ಅಂಕ ಯಾವತ್ತೂ ಬಿದ್ದಿರಲಿಲ್ಲ ಎಂದು ಅವನು ಹಿಗ್ಗಿದ.

ಎರಡು ದಿನ ಯಾವ ಅಂಕಿಯೂ ಡಬ್ಬಿ ಬದಲಿಸಬೇಕಾದ ಎಂಬತ್ತೈದರ ಗೆರೆಗಿಂತ ಕೆಳಗಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೂರಾ ಹತ್ತೊಂಬತ್ತನೆಯ ಮನೆಯ ಮುಂದೆ ಎಪ್ಪತ್ನಾಲ್ಕು ಎಂದು ಬಂತು. ಕಸ್ತೂರೆವ್ವ ಹೊಸ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು. ಆ ಮನೆ ಅವಳದೇ ಓಣಿಯ ಕೊನೆಯಲ್ಲಿ, ಮಕ್ತುಂಸಾಬನದು. ಎಪ್ಪತ್ನಾಲ್ಕಕ್ಕೆ ಇಳಿದ ಮನುಷ್ಯ ಮಾತಾಡುವುದಿರಲಿ, ಕೂರುವುದೂ ಕಷ್ಟ. ಮಕ್ತುಂಸಾಬ ನಳಿಕೆ ಹಾಕಿಕೊಂಡೇ ಬಾಗಿಲಲ್ಲಿ ಕೂತು ತರಕಾರಿಯವನ ಹತ್ತಿರ ಬದನೆಕಾಯಿ ಚೌಕಾಶಿ ಮಾಡುತ್ತಿದ್ದ. ಕೈಮೀಟರು ಹಿಡಿದರೆ ತೊಂಬತ್ನಾಲ್ಕು.

“ನಿನ್ನ ಕಂಪ್ಯೂಟರಿಗೆ ನನ್ನ ಮ್ಯಾಲೆ ಸಿಟ್ಟೇನವ್ವಾ?” ಎಂದ ಅವನು. “ಇನ್ನೂ ಬದಕೀನಿ ಅಂತ ಹೇಳು ಅದಕ್ಕ.”

ಚೆನ್ನಾಗಿರುವ ಡಬ್ಬಿಯನ್ನು ಬದಲಿಸಿ ಹನ್ನೊಂದು ಸಾವಿರ ಹಾಳು ಮಾಡುವ ಹೆಣ್ಣಲ್ಲ ಆಕೆ. ಹೊಸದನ್ನು ಹಾಗೆಯೇ ಚೀಲದಲ್ಲಿಟ್ಟುಕೊಂಡು, ಹೇಗೂ ಓಣಿಗೆ ಬಂದಾಗಿದೆ, ಒಂದು ರೊಟ್ಟಿ ತಿಂದು ಹೋದರಾಯಿತೆಂದು ಮನೆಗೆ ನಡೆದಳು. ಮಷೀನಿನ ಸದ್ದು ಬಾಗಿಲಿಗೇ ಕೇಳುತ್ತಿತ್ತು, ಅದೇ ಗುಂಯ್.

ಯಮನೂರಪ್ಪ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ನಳಿಕೆ ಮೂಗಿನಲ್ಲೇ ಇತ್ತು. ಬೆಳಿಗ್ಗೆ ಮಲಗಿದ್ದಾನೆಂದು ಎಬ್ಬಿಸದೆ ಹೋಗಿದ್ದಳು. ಈಗ ತುಟಿ ನೋಡಿದಳು. ನೇರಳೆ ಹಣ್ಣು ತಿಂದವನಂತಿತ್ತು.

ಏನಾಯಿತೆಂದು ಕೇಳಿದರೆ ಅವನು ಕೈಯಾಡಿಸಿದ. ಏನಿಲ್ಲ ಎಂದ. ಉಸಿರು ಎರಡು ಸಲ ಎಳೆದುಕೊಂಡು, “ತೊಂಬತ್ತಮೂರು… ಐತೆಲ್ಲ,” ಎಂದ.

ಮೊನ್ನೆಯಿಂದಲೇ ಅವನಿಗೆ ಸಾಕಾಗುತ್ತಿರಲಿಲ್ಲ. ಎರಡು ಬೆಳಿಗ್ಗೆ ಕಟ್ಟೆಗೂ ಹೋಗಿರಲಿಲ್ಲ. ಮಷೀನು ಸರಿಯಿದೆ ಎಂದು ಪರದೆ ಹೇಳುತ್ತಿರುವಾಗ ಕೆಟ್ಟದ್ದು ತನ್ನ ಎದೆಯೇ ಇರಬೇಕು, ಅದನ್ನು ಹೇಳಿ ತಿರುಗಿ ದಣಿದ ಹೆಂಡತಿಯನ್ನು ಯಾಕೆ ಹೆದರಿಸಲಿ ಎಂದು ಸುಮ್ಮನಿದ್ದ. ಅವನ ಬೆರಳಿಗೆ ಕ್ಲಿಪ್ಪು ಹಾಕಿದರೆ ರಕ್ತದಲ್ಲಿ ಆಕ್ಸಿಜನ್ ಎಪ್ಪತ್ತೊಂಬತ್ತು. ಕಸ್ತೂರೆವ್ವ ಕೈಮೀಟರನ್ನು ನಳಿಕೆಗೆ ಹಿಡಿದಳು. ಎಪ್ಪತ್ನಾಲ್ಕು.

ಬೆಳಿಗ್ಗೆ ಪರದೆಯಲ್ಲಿ ಕಂಡದ್ದು ಅದೇ ಅಂಕಿ. ಅಂಕಿ ಸುಳ್ಳಲ್ಲ, ಮನೆ ಸುಳ್ಳು ಎಂದು ಆಕೆಗೆ ಆ ಕ್ಷಣ ಹೊಳೆಯಿತು. ಕೈ ಮಾತ್ರ ನಿಲ್ಲಲಿಲ್ಲ. ಮಷೀನಿನ ಬೆನ್ನು ಬಿಚ್ಚಿ, ಹಳೆ ಡಬ್ಬಿ ಎಳೆದು, ಚೀಲದಲ್ಲಿದ್ದ ಹೊಸದನ್ನು ಕೂರಿಸಿ, ನಾಲ್ಕು ತಿರುಪು ಬಿಗಿದಳು. ಆರು ನಿಮಿಷ. ಮೀಟರು ಎಂಬತ್ತಕ್ಕೆ, ಎಂಬತ್ತೆಂಟಕ್ಕೆ, ತೊಂಬತ್ತೆರಡಕ್ಕೆ ಏರಿತು. ಅವನ ತುಟಿಯ ಬಣ್ಣ ತಿರುಗುವ ತನಕ ಆಕೆ ಅವನ ಕೈ ಬಿಡಲಿಲ್ಲ. ಆಮೇಲೆ ಫೋನ್ ತೆಗೆದು ಫರ್ಜಾನಾಳಿಗೆ ಹೇಳಿದಳು: ನೂರಾ ಹದಿನೆಂಟರ ಅಂಕಿ ನೂರಾ ಹತ್ತೊಂಬತ್ತರ ಮುಂದೆ ಬರುತ್ತಿದೆ. ಎಲ್ಲ ಮನೆಯವೂ ಹಾಗೇ ಇರಬೇಕು, ಒಂದೊಂದು ಮನೆ ಕೆಳಗೆ ಜಾರಿವೆ.

ಫರ್ಜಾನಾ ತಡಬಡಿಸಿದಳು, ಆದರೆ ಬುದ್ಧಿವಂತೆ. ಹಾಗಿದ್ದರೆ ಕೊನೆಯ ಮನೆಯ ಅಂಕಿ ಎಲ್ಲಿಗೆ ಹೋಗುತ್ತಿದೆ ಎಂದಳು. ಎಲ್ಲಿಗೂ ಇಲ್ಲ. ಇನ್ನೂರಾ ಹದಿನಾಲ್ಕನೆಯ ಮನೆಯನ್ನು ಎರಡು ದಿನದಿಂದ ಯಾರೂ ನೋಡಿಯೇ ಇರಲಿಲ್ಲ. ಮೊದಲ ಮನೆಯ ಮುಂದಿನ ಸೊನ್ನೆ ಸತ್ತವನದಲ್ಲ, ಅದು ಖಾಲಿ ಜಾಗ; ಅವನ ಮಷೀನನ್ನು ಕೆಳಗಿನ ಕೋಣೆಯಲ್ಲಿ ಯಾರೋ ಪರೀಕ್ಷೆಗೆಂದು ಹಚ್ಚಿ ಬಿಟ್ಟಿದ್ದರು, ಅದರ ಅಂಕಿ ಎರಡನೆಯ ಮನೆಯ ಮುಂದೆ ಕೂತಿತ್ತು. ಫರ್ಜಾನಾ ಅಲ್ಲಿಗೆ ಫೋನ್ ಹಚ್ಚಿದಳು. ಆ ಮನೆಯ ಮುದುಕ ಎತ್ತಿ, ಊಟದ ಹೊತ್ತಿಗೆ ಫೋನ್ ಮಾಡುವ ನಿಮಗೆ ಮನೆ ಮಠ ಇಲ್ಲವೇ ಎಂದು ಉದ್ದಕ್ಕೆ ಬೈದ. ಅಷ್ಟು ಬೈಯಲು ಉಸಿರಿದೆಯಲ್ಲ ಎಂದು ಅವಳು ಸಮಾಧಾನಪಟ್ಟಳು.

ಬರಹವನ್ನು ಮತ್ತೆ ಮತ್ತೆ ಓದಿದರೂ ಅವಳಿಗೆ ತಪ್ಪು ಕಾಣಲಿಲ್ಲ. ಬರೆದದ್ದು ಸರಿಯಾಗಿದೆ, ಬರುವುದು ತಪ್ಪಾಗಿದೆ ಎಂದು ಫೋನಿನಲ್ಲೇ ಅಳುದನಿ ತೆಗೆದಳು. ಕಸ್ತೂರೆವ್ವ ಫೋನ್ ಕೆಳಗಿಟ್ಟಳು. ಗಂಡನಿಗೆ ಅಂಬಲಿ ಕುಡಿಸುತ್ತ ಕೂತಳು.

ನಾಲ್ಕು ಗುಟುಕು ಕುಡಿದ ಮೇಲೆ ಯಮನೂರಪ್ಪ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದ. ರಸ್ತೆಯಾಚೆ ಗಿರಣಿ ಕೂಗುತ್ತಿತ್ತು.

“ಎರಡು ದಿನ ಆತು ನೋಡಿಲ್ಲ,” ಎಂದ. “ವನಜಾ ಮೊದಲ ಹಿಡಿ… ಕೋಳಿಗೆ ಹಾಕ್ಯಾಳಿಲ್ಲೋ?”

ಕಸ್ತೂರೆವ್ವನ ಕೈ ಬಟ್ಟಲಿನ ಮೇಲೆ ನಿಂತಿತು. ಕಾಳು ಒಳ್ಳೆಯದು, ಹಿಟ್ಟು ಮಾತ್ರ ಖಾರ. ಇಪ್ಪತ್ತಾರು ವರ್ಷ ಬಂದವರಿಗೆಲ್ಲ ಹೇಳಿದ ಮಾತು. ಕಲ್ಲಿನ ಸಂದಿಯಲ್ಲಿ ಹಳೆಯದು ಕೂತಿರುತ್ತದೆ, ಹೊಸದರ ಜೊತೆ ಸೇರಿ ಬರುತ್ತದೆ. ಒಮ್ಮೆ ಬೀಸಿದ್ದನ್ನು ಮತ್ತೆ ಬೀಸಬೇಡ ಎಂದು ಹೇಳಿದ್ದು ತಾನೇ.

ಮಗಳನ್ನು ಕರೆದು ಗಂಡನ ಬಳಿ ಕೂರಿಸಿ, ಸ್ಕೂಟರ್ ಹತ್ತಿ ಕಂಟ್ರೋಲ್ ರೂಮಿಗೆ ಬಂದಳು.

“ಆ ಹಳೇ ತುಣುಕು ಯಾವ ಕಾಲದ್ದು, ತಂಗಿ? ಅವನ್ನ ಬೀಸಿದ ಕಾಳು, ನಮ್ಮ ಕಾಳು, ಎರಡೂ ಒಂದೇ ಏನು?”

ಫರ್ಜಾನಾ ಹುಡುಕಿ ನೋಡಿದಳು. ಒಂದೇ ಅಲ್ಲ. ಮೊದಲ ಕರಡಿನಲ್ಲಿ ಮನೆಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಆಮೇಲೆ ತಿದ್ದಿ ಒಂದರಿಂದ ಮಾಡಿದ್ದರು. ಅಂಕಿ ತರುವ ತುಣುಕು ಹಳೆಯದು, ಹೆಸರು ಬರೆಯುವ ತುಣುಕು ಹೊಸದು. ಇಲ್ಲದ ಸೊನ್ನೆಯ ಮನೆಗೆ ಅದು ತಂದದ್ದನ್ನು ಇದು ಒಂದನೆಯ ಮನೆಯದು ಎಂದುಕೊಂಡಿದೆ. ಕಂಪೈಲರು ಸಾಮಾನ್ಯವಾಗಿ ತಾರೀಖು ನೋಡಿ, ಬರಹಕ್ಕಿಂತ ತುಣುಕು ಹಳೆಯದಾಗಿದ್ದರೆ ಮತ್ತೆ ಬೀಸುತ್ತದೆ. ಆದರೆ ವೇ ಬ್ರಿಜ್ಜಿನ ಕಂಪ್ಯೂಟರಿನ ಗಡಿಯಾರ ಇಪ್ಪತ್ತು ವರ್ಷ ಹಿಂದಿತ್ತು. ಮೊನ್ನೆ ಅದರೊಳಗೆ ಹಾಕಿದ ಬರಹ ಅದರ ಲೆಕ್ಕದಲ್ಲಿ ಇಪ್ಪತ್ತು ವರ್ಷದ ಮುದುಕ; ಆರು ವರ್ಷದ ತುಣುಕೇ ಎಳೆಗೂಸು. ಇದು ತಾಜಾ ಇದೆ, ಮತ್ತೆ ಬೀಸುವುದೇಕೆ ಎಂದು ಅದು ಬಿಟ್ಟುಬಿಟ್ಟಿತ್ತು.

ಕೈಪಿಡಿಯ ಮೂರನೆಯ ಪುಟದಲ್ಲಿ ಬರೆದಿತ್ತಲ್ಲ, ನಾನು ಬಿಟ್ಟೆ ಎಂದು ಫರ್ಜಾನಾ ತಲೆ ತಗ್ಗಿಸಿದಳು.

“ಬಿಡು ಅಂದಾಕಿ ನಾ,” ಎಂದಳು ಕಸ್ತೂರೆವ್ವ. “ನನ್ನ ಗಿರಣ್ಯಾಗ ಯಾರರ ಹಿಂಗ ಮಾಡಿದ್ರ ಪಟ್ಟಿಲೇ ಹೊಡೀತಿದ್ದೆ. ಅಳೂದು ಆಮ್ಯಾಲೆ. ಮೊದಲು ಕಲ್ಲು ತೊಳಿ.”

ಫರ್ಜಾನಾ ಗಡಿಯಾರ ಸರಿಪಡಿಸಿದಳು. ಹಳೆಯ ತುಣುಕುಗಳನ್ನೆಲ್ಲ ಅಳಿಸಿದಳು. ಮೊದಲ ಸಾಲಿನಿಂದ ಬೀಸಲು ಶುರು ಮಾಡಿದಳು. ಐದು ತಾಸು. ಅಷ್ಟು ಹೊತ್ತು ಕೈಕಟ್ಟಿ ಕೂರುವ ಹಾಗಿರಲಿಲ್ಲ, ಕೂರಲೂ ಇಲ್ಲ. ಅಂಕಿಗಳು ಒಂದು ಮನೆ ಜಾರಿವೆ ಎಂದು ಗೊತ್ತಾದ ಮೇಲೆ ಬೆಳಗಿನ ಪಟ್ಟಿಯನ್ನೇ ಒಂದೊಂದು ಮನೆ ಮೇಲಕ್ಕೆ ಸರಿಸಿ ಓದಿದರಾಯಿತು. ಕಸ್ತೂರೆವ್ವ ಬೆರಳಿಟ್ಟು ಓದಿದಳು. ಎಂಬತ್ತಾರಕ್ಕೆ ಇಳಿದಿದ್ದ ಇನ್ನೊಂದು ಮನೆ ಸಿಕ್ಕಿತು, ಸಂಜೆಯೊಳಗೆ ಅಲ್ಲಿ ಹೊಸ ಡಬ್ಬಿ ಕೂತಿತು. ಸಂಘದವರು ಪಾಲು ಹಂಚಿಕೊಂಡು ಎಲ್ಲ ಮನೆಗೂ ಫೋನ್ ಮಾಡಿ ಒಂದೇ ಮಾತು ಹೇಳಿದರು: ಅಂಕಿ ಏನೇ ಹೇಳಲಿ, ಉಸಿರು ಸಾಲದಿದ್ದರೆ ಬಾಯಿಬಿಟ್ಟು ಹೇಳಿ.

ಬೀಸಿ ಮುಗಿದಾಗ ಈ ಸಲ ಯಾರೂ ಪಾಯಸ ತರಲಿಲ್ಲ. ಕಸ್ತೂರೆವ್ವ ಮಕ್ತುಂಸಾಬನಿಗೆ ಫೋನ್ ಮಾಡಿ, ಒಂದು ನಿಮಿಷ ನಿನ್ನ ಮಷೀನು ಬಂದ್ ಮಾಡು ಎಂದಳು. ಸಾಯಿಸುತ್ತೀಯೇನು ಎಂದು ಗೊಣಗುತ್ತಲೇ ಅವನು ಬಂದ್ ಮಾಡಿದ. ಪರದೆಯಲ್ಲಿ ನೂರಾ ಹತ್ತೊಂಬತ್ತರ ಮುಂದಿನ ಅಂಕಿ ಕಣ್ಣೆದುರೇ ಬಿದ್ದುಹೋಯಿತು, ಮೇಲಿನ ಸಾಲೂ ಕೆಳಗಿನ ಸಾಲೂ ಅಲುಗಲಿಲ್ಲ. ಹಚ್ಚು ಎಂದಳು. ಅಂಕಿ ಮತ್ತೆ ಏರಿತು. ಹೀಗೆ ಓಣಿಗೊಂದರಂತೆ ಹನ್ನೆರಡು ಮನೆ ನೋಡಿದ ಮೇಲೆ ಆಕೆ ಕುರ್ಚಿಯಲ್ಲಿ ಕೂತು ನೀರು ಕುಡಿದಳು.

ಅದಾಗಿ ಎರಡು ವರ್ಷವಾಯಿತು. ಸಂಘದಲ್ಲಿ ಈಗ ಇದೇ ಒಂದು ನೇಮ. ವರ್ಷಕ್ಕೊಮ್ಮೆ ಹಳೆಯ ತುಣುಕನ್ನೆಲ್ಲ ಅಳಿಸಿ, ಮೂಲ ಬರಹದಿಂದ ‘ನಿಗಾ’ವನ್ನು ಹೊಸದಾಗಿ ಬೀಸುತ್ತಾರೆ. ಬಂದ ಮೊದಲ ಪಟ್ಟಿಯನ್ನು ಯಾರೂ ನಂಬುವುದಿಲ್ಲ, ಹನ್ನೆರಡು ಮನೆಯ ಮಷೀನು ನಿಲ್ಲಿಸಿ ಹಚ್ಚಿ ನೋಡಿದ ಮೇಲೆಯೇ ಎರಡನೆಯ ಪಟ್ಟಿ ಗೋಡೆಗೆ ಏರುತ್ತದೆ. ಆ ಮೊದಲ ಪಟ್ಟಿಗೆ ಫರ್ಜಾನಾ ಇಟ್ಟ ಹೆಸರು ‘ಕೋಳಿ ಪಾಲು’. ಕುಷ್ಟಗಿಯಿಂದ, ಬಾದಾಮಿಯಿಂದ, ಆಚೆ ಶಹಾಬಾದಿನ ಕಲ್ಲುಗಣಿಗಳಿಂದ ಜನ ಬರುತ್ತಾರೆ. ಅವರ ಊರಿನಲ್ಲೂ ಕಂಪನಿ ಕಣ್ಣು ಮುಚ್ಚಿದ ಪಂಪುಗಳಿವೆ, ಮಷೀನುಗಳಿವೆ. ಫರ್ಜಾನಾ ಅವರನ್ನು ಕೀಬೋರ್ಡಿನ ಮುಂದೆ ಕೂರಿಸಿ, ಮೊದಲ ತಪ್ಪನ್ನು ಮಾತ್ರ ಓದಲು ಕಲಿಸುತ್ತಾಳೆ.

ಯಮನೂರಪ್ಪ ಬದುಕಿದ್ದಾನೆ. ಆ ಎರಡು ದಿನದಲ್ಲಿ ಎದೆ ಕಳೆದುಕೊಂಡದ್ದು ಮಾತ್ರ ತಿರುಗಿ ಬರಲಿಲ್ಲ. ಈಗ ನಳಿಕೆ ತೆಗೆದರೆ ಅವನಿಂದ ಮಂಚ ಇಳಿಯಲಾಗದು. ಕಸ್ತೂರೆವ್ವ ಮಂಚವನ್ನೇ ಬಾಗಿಲ ಹತ್ತಿರಕ್ಕೆ ಎಳೆದು ಹಾಕಿದ್ದಾಳೆ. ಅಲ್ಲಿಂದ ಗಿರಣಿ ಕಾಣುತ್ತದೆ, ಕೋಳಿಗಳೂ ಕಾಣುತ್ತವೆ. ಮಗಳು ಎಂದಾದರೂ ಮೊದಲ ಹಿಡಿ ಮರೆತರೆ ಅವನು ಮಂಚದ ಕಟ್ಟಿಗೆಯನ್ನು ಬೆರಳಿನಿಂದ ಬಡಿಯುತ್ತಾನೆ, ಕೂಗಲು ಉಸಿರು ಸಾಲದು. ತಪ್ಪು ನನ್ನದು ಎಂದು ಕಸ್ತೂರೆವ್ವ ಒಮ್ಮೆ ಅವನಿಗೆ ಹೇಳಿದಳು. ಡಬ್ಬಿ ಚೀಲದಲ್ಲಿಟ್ಟುಕೊಂಡು ಬಂದವಳೂ ನೀನೇ ಎಂದು ಅವನು ಮಾತು ಮುಗಿಸಿದ.

ಸಂಘದ ಲೆಕ್ಕದಲ್ಲಿ ಬಂದದ್ದು: ಇನ್ನೂರಾ ಹದಿನಾಲ್ಕು ಮನೆಯ ಉಸಿರನ್ನು ತಾವೇ ನೋಡಿಕೊಳ್ಳುವ ಬಲ, ಖರ್ಚು ಕರೆಂಟಿನದಷ್ಟೇ. ಕಸ್ತೂರೆವ್ವನ ಮನೆಯ ಲೆಕ್ಕದಲ್ಲಿ ಹೋದದ್ದು: ಮಂಚದಿಂದ ಕಟ್ಟೆಯವರೆಗಿನ ಹನ್ನೊಂದು ಹೆಜ್ಜೆ.